ಮಗ ದೋಣಿಯಲ್ಲಿ ಬಿಡಾರ ಹೂಡಿದ್ದಾನೆ, ಮುಳುಗುವುದಿಲ್ಲವೇ?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಬಾಡಿಗೆ ಕಟ್ಟಿ ಸಾಕಾಯಿತೆಂದು ಹೋದ ವರ್ಷ ‘ನ್ಯಾರೋಬೋಟ್’ ಎಂಬ ದೋಣಿ ಕೊಂಡು ಅಲ್ಲಿನ ಕಾಲುವೆಯಲ್ಲೇ ಉಳಿದಿದ್ದಾನೆ. ವೀಡಿಯೊ ಕಾಲ್‌ನಲ್ಲಿ ನೋಡಿದರೆ ರೈಲಿನ ಬೋಗಿಯ ಹಾಗಿದೆ. ನಾವು ಕಡಲ ಬದಿಯವರು. ಮರದ ದೋಣಿ ಸೋರುವುದನ್ನೂ ಕಬ್ಬಿಣವನ್ನು ತುಕ್ಕು ತಿನ್ನುವುದನ್ನೂ ಕಂಡವರು. ಇದು ಮುಳುಗುವುದಿಲ್ಲವೇ? ನೀರು, ಕರೆಂಟು, ಕಕ್ಕಸಿಗೆಲ್ಲ ಏನು ಮಾಡುತ್ತಾರೆ? ಕೇಳಿದರೆ ‘ಎಲ್ಲಾ ಉಂಟು ಅಮ್ಮ’ ಎನ್ನುತ್ತಾನೆ. ಉಪ್ಪಿನಕಾಯಿ ಕಳಿಸುತ್ತೇನೆ, ವಿಳಾಸ ಕೊಡು ಎಂದರೆ ಮಾತು ತಿರುಗಿಸುತ್ತಾನೆ.
ಓದುಗರೊಬ್ಬರು, ಕುಂದಾಪುರ

ಉತ್ತರ: ಮುಳುಗುತ್ತದೆ. ಆದರೆ ನೀವು ಅಂದುಕೊಂಡ ಹಾಗಲ್ಲ. ಆ ಕಾಲುವೆಗಳು ಬಹುಪಾಲು ಕಡೆ ಮೂರು ನಾಲ್ಕು ಅಡಿಗಿಂತ ಆಳವಿಲ್ಲ. ದೋಣಿಯ ತಳವೇ ಎರಡಡಿ ನೀರಿನೊಳಗಿರುತ್ತದೆ. ಆದ್ದರಿಂದ ಮುಳುಗಿದ ನ್ಯಾರೋಬೋಟ್ ಕೆಸರಿನ ಮೇಲೆ ಕುಳಿತುಬಿಡುತ್ತದೆ. ಚಾವಣಿಯೂ ಅದರ ಮೇಲಿನ ಹೂಕುಂಡಗಳೂ ಏನೂ ಆಗಿಲ್ಲವೆಂಬಂತೆ ಮೇಲೆಯೇ ಇರುತ್ತವೆ. ಒಳಗಿನ ಹಾಸಿಗೆ, ಬ್ಯಾಟರಿ, ಪುಸ್ತಕ ಮಾತ್ರ ಹೋದ ಹಾಗೆ. ಕವೆಂಟ್ರಿಯಲ್ಲಿ ಕೆಲವು ವರ್ಷ ಇದ್ದಾಗ ಗೆಳೆಯನೊಬ್ಬನ ದೋಣಿಯಲ್ಲಿ ಹಲವು ವಾರಾಂತ್ಯ ಕಳೆದವನು ನಾನು. ಜೀವ ಹೋದೀತೆಂದು ಹೆದರಿದ್ದು ಒಂದೇ ಸಲ, ಅದೂ ದೋಣಿಯನ್ನು ಏರಿಸಿ ಇಳಿಸುವ ‘ಲಾಕ್’ ಎಂಬ ತೊಟ್ಟಿಯಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ.

ರೈಲಿನ ಬೋಗಿಯ ಹಾಗಿದೆ ಎಂದಿರಲ್ಲ, ಅದಕ್ಕೆ ಕಾರಣ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು. ವರ್ಸ್ಲಿಯ ಗಣಿಯಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು 1761ರಲ್ಲಿ ತೆರೆದ ಕಾಲುವೆಯಿಂದ ಹೆಸರಾದವನು. ಮುಂದೆ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಕಟ್ಟುವಾಗ ಗುಡ್ಡ ಕೊರೆಯುವ ಖರ್ಚು, ನೀರಿನ ಖರ್ಚು ಎರಡನ್ನೂ ಲೆಕ್ಕ ಹಾಕಿ ಲಾಕಿನ ಅಗಲವನ್ನು ಏಳಡಿಯ ಆಸುಪಾಸಿಗೆ ಇಳಿಸಿದ. ಮಧ್ಯ ಇಂಗ್ಲೆಂಡಿನ ಉಳಿದ ಕಾಲುವೆಗಳೂ ಅದೇ ಅಳತೆ ಹಿಡಿದವು. ಅಂದು ಕಲ್ಲಿದ್ದಲು, ಪಿಂಗಾಣಿ ಹೊತ್ತ ದೋಣಿಗೆ ಹಾಕಿದ ಅಳತೆಯಲ್ಲೇ ಇಂದು ನಿಮ್ಮ ಮಗ ಮಂಚ, ಒಲೆ, ಕಪಾಟು ಹೊಂದಿಸಿಕೊಳ್ಳಬೇಕು. ಅಗಲ ಏಳಡಿಗಿಂತ ಕೂದಲೆಳೆ ಕಡಿಮೆ, ಉದ್ದ ಎಪ್ಪತ್ತಡಿಯವರೆಗೂ ಇರಬಹುದು. ಒಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು.

ಈಗ ಸೋರಿಕೆ. ಮರದ ದೋಣಿಯಲ್ಲಿ ಹಲಗೆ ಹಲಗೆಯ ನಡುವೆ ನೀರು ಬರುತ್ತದೆ, ನೀವು ಕಂಡಿದ್ದೀರಿ. ಈಗಿನ ನ್ಯಾರೋಬೋಟ್ ಉಕ್ಕಿನದು, ಬೆಸುಗೆ ಹಾಕಿದ್ದು: ಸಾಮಾನ್ಯವಾಗಿ ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕೋಣೆ 4. ನೀರು ಬರುವುದು ನಾವೇ ಮಾಡಿಟ್ಟ ತೂತುಗಳಿಂದ. ಎಂಜಿನ್ನಿನಿಂದ ಹೊರಟ ಸರಳು ದೋಣಿಯ ಒಡಲನ್ನು ದಾಟಿ ಪ್ರೊಪೆಲ್ಲರಿಗೆ ಹೋಗುವ ಜಾಗವೊಂದಿದೆ. ಅಲ್ಲಿ ಸರಳು ತಿರುಗಬೇಕು, ನೀರು ಬರಬಾರದು. ಹಾಗಾಗಿ ಸುತ್ತ ಹುರಿಯಂಥದನ್ನು ಬಿಗಿದು, ಹಿತ್ತಾಳೆಯ ಬಿರಡೆಯಿಂದ ಗ್ರೀಸ್ ಒತ್ತುತ್ತಾರೆ. ದಿನದ ಪ್ರಯಾಣ ಮುಗಿಸಿ ಎಂಜಿನ್ ನಿಲ್ಲಿಸಿದ ಮೇಲೆ ಆ ಬಿರಡೆಯನ್ನು ಕೈಗೆ ಬಿಗಿ ಹತ್ತುವ ತನಕ ಒಂದು ಸುತ್ತು ತಿರುವುವುದು, ನಮ್ಮಲ್ಲಿ ಹೊತ್ತು ಮುಳುಗಿದಾಗ ದೀಪ ಹಚ್ಚುವ ಹಾಗೆ, ತಪ್ಪದ ಕೆಲಸ. ಆದರೂ ಆಗೊಂದು ಈಗೊಂದು ಹನಿ ಬೀಳುತ್ತದೆ. ಬಿದ್ದ ನೀರನ್ನು ಪಂಪು ತಾನೇ ಹೊರಹಾಕುತ್ತದೆ, ಬ್ಯಾಟರಿಯಲ್ಲಿ ಜೀವ ಇರುವಷ್ಟು ದಿನ. ಚಳಿಗಾಲದಲ್ಲಿ ದೋಣಿ ಕಟ್ಟಿಹಾಕಿ ಊರಿಗೆ ಬಂದವರ ಬ್ಯಾಟರಿ ಸತ್ತು, ಹನಿಹನಿಯಾಗಿ ತುಂಬಿ, ದೋಣಿ ಸದ್ದಿಲ್ಲದೆ ಕೂತುಬಿಡುವುದು ಹೀಗೆ. ಮಗ ರಜೆಗೆ ಬರುವಾಗ ದೋಣಿಯ ಮೇಲೆ ಕಣ್ಣಿಡಲು ಅಕ್ಕಪಕ್ಕದವರಿಗೆ ಹೇಳಿ ಬಂದಿದ್ದಾನೆಯೇ ಎಂದು ಕೇಳಿ.

ಇನ್ನೊಂದು ತೂತು ಪ್ರೊಪೆಲ್ಲರಿನ ನೇರ ಮೇಲಿದೆ. ಮುಚ್ಚಳ ತೆಗೆದು ಕೈ ಇಳಿಸಿದರೆ ಪ್ರೊಪೆಲ್ಲರ್ ಸಿಗುತ್ತದೆ. ನಗರದ ಕಾಲುವೆಯಲ್ಲಿ ಹೋಗುವವರಿಗೆ ಇದಿಲ್ಲದೆ ಗತಿಯಿಲ್ಲ. ಪ್ಲಾಸ್ಟಿಕ್ ಚೀಲ, ಮೀನಿನ ಗಾಳದ ದಾರ, ಹಾಸಿಗೆಯ ಸ್ಪ್ರಿಂಗು, ಏನು ಬೇಕಾದರೂ ಸುತ್ತಿಕೊಳ್ಳಬಹುದು. ಒಂದು ಫೆಬ್ರವರಿಯ ಬೆಳಿಗ್ಗೆ ನಾನೂ ಗೆಳೆಯನೂ ಸರದಿಯಲ್ಲಿ ಮೊಣಕೈವರೆಗೆ ಮಂಜಿನಂಥ ನೀರಿನಲ್ಲಿ ಕೈಯಿಟ್ಟು, ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಕೊಯ್ದು ಕೊಯ್ದು ಹೊರತೆಗೆದದ್ದು ಒಂದು ಜೀನ್ಸ್ ಪ್ಯಾಂಟು. ಅದರ ಜೇಬಿನಲ್ಲಿ ಬೀಗದ ಕೈ ಇತ್ತು! ಲಂಡನ್ನಿನ ಸೌತಾಲ್ ಬಳಿ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ತೆಂಗಿನಕಾಯಿ ತೇಲಿಬರುವುದೂ ಉಂಟು. ಅಲ್ಲಿ ನೆಲೆಸಿದ ನಮ್ಮ ದೇಶದವರು ಗಂಗೆಯನ್ನು ನೆನೆದು ಬಿಟ್ಟ ಪೂಜೆಯ ಕಾಯಿಗಳು. ಕೈ ಇಳಿಸುವ ಮೊದಲು ಎಂಜಿನ್ ನಿಲ್ಲಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಬೆರಳಿರುವುದಿಲ್ಲ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಎಂಜಿನ್ ಹಚ್ಚಿದರೆ ಪ್ರೊಪೆಲ್ಲರೇ ಕಾಲುವೆಯ ನೀರನ್ನು ಒಳಕ್ಕೆ ಎರಚುತ್ತದೆ. ದೋಣಿ ಬೇಗ ಮುಳುಗಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಲಾಕಿನ ಮಾತಿಗೆ ಬರುತ್ತೇನೆ. ಎತ್ತರ ತಗ್ಗಿನ ನಡುವೆ ದೋಣಿಯನ್ನು ಏರಿಸಿ ಇಳಿಸಲು ಎರಡೂ ತುದಿಗೆ ಗೇಟು ಇಟ್ಟ ಕಲ್ಲಿನ ತೊಟ್ಟಿಯದು. ಕೆರೆಯ ತೂಬಿನಂಥ ತೂಬುಗಳನ್ನು ಕೈಯಿಂದಲೇ ಎತ್ತಿ ನೀರು ತುಂಬುತ್ತಾರೆ, ಬಿಡುತ್ತಾರೆ. ನಿಮ್ಮ ಮಗನ ಊರಿನಿಂದ ವೂಸ್ಟರ್ ಕಡೆಗೆ ಹೋಗುವ ದಾರಿಯಲ್ಲಿ ಟಾರ್ಡಬಿಗ್ ಎಂಬಲ್ಲಿ ಇಂಥ 30 ಲಾಕುಗಳು ಒಂದರ ಬೆನ್ನಿಗೊಂದು ಇವೆ, ಬ್ರಿಟನ್ನಿನಲ್ಲೇ ಅತಿ ಉದ್ದದ ಸಾಲು. ದಿನವಿಡೀ ತೂಬು ಎತ್ತಿದರೆ ತೋಳು ಬಿದ್ದುಹೋಗುತ್ತದೆ. ಮೇಲಿನ ಗೇಟಿನ ಬುಡದಲ್ಲಿ ನೀರಿನೊಳಗೆ ಚಾಚಿಕೊಂಡ ಹೊಸ್ತಿಲೊಂದಿದೆ. ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲಿದ್ದರೆ ನೀರು ಕಡಿಮೆಯಾದಂತೆ ಹಿಂಭಾಗ ಅಲ್ಲೇ ಸಿಕ್ಕಿಕೊಂಡು ಮೂತಿ ಕೆಳಕ್ಕೆ ವಾಲುತ್ತದೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುವುದು ಅದಕ್ಕೇ, ಅದರಿಂದ ಮುಂದೆ ಇರಿ ಎಂದು. ನಾವು ಆ ದಿನ ಚಹಾ ಕುಡಿಯುತ್ತ ಹರಟುತ್ತಿದ್ದೆವು. ಒಳಗೆ ಪಾತ್ರೆಗಳು ಜಾರಿದ ಸದ್ದಿಗೆ ತಲೆಯೆತ್ತಿದರೆ ದೋಣಿಯ ಮೂತಿ ತಗ್ಗುತ್ತಿತ್ತು. ಗೆಳೆಯನ ಹೆಂಡತಿ ಓಡಿಹೋಗಿ ಕೆಳಗಿನ ತೂಬು ಇಳಿಸಿ, ಮೇಲಿನದನ್ನು ನಿಧಾನವಾಗಿ ಎತ್ತಿ ನೀರು ತುಂಬಿಸಿದ್ದರಿಂದ ಉಳಿದೆವು. ಆಮೇಲೆ ಆಕೆ ಗಂಡನಿಗೆ ಎರಡು ದಿನ ಮಾತು ಬಿಟ್ಟರು; ನನಗೆ ಮೂರು ದಿನ.

ತುಕ್ಕಿನ ಬಗ್ಗೆ ನಿಮ್ಮ ಚಿಂತೆ ಸರಿ. ಮಳೆಗಾಲದ ರಜೆಯಲ್ಲಿ ಮೀನುಗಾರರು ದೋಣಿಯನ್ನು ದಡಕ್ಕೆಳೆದು ಕೆರೆದು ಬಣ್ಣ ಹಚ್ಚುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯೂ ಎರಡು ಮೂರು ವರ್ಷಕ್ಕೊಮ್ಮೆ ಅದೇ. ದೋಣಿಯನ್ನು ನೀರಿನಿಂದೆತ್ತಿ, ಪಾಚಿ ತೊಳೆದು, ತುಕ್ಕು ಕೆರೆದು, ಒಣಗಿಸಿ, ಎರಡು ಮೂರು ಕೋಟು ಡಾಂಬರು ಬಳಿಯುತ್ತಾರೆ. ಎಪಾಕ್ಸಿ ಹಚ್ಚಿದರೆ ಹೆಚ್ಚು ವರ್ಷ ಬಾಳುತ್ತದೆ, ಆದರೆ ಹಳೆಯದೆಲ್ಲ ಉಜ್ಜಿ ಉಕ್ಕು ಹೊಳೆಯುವಂತೆ ಮಾಡಿಕೊಳ್ಳಬೇಕು. ಡಾಂಬರಿನಷ್ಟೇ ಮುಖ್ಯ, ಒಡಲಿಗೆ ಬೆಸೆದ ಮೆಗ್ನೀಸಿಯಂ ತುಂಡುಗಳು. ನೀರಿನಲ್ಲಿ ಎರಡು ಲೋಹ ಜೊತೆಗಿದ್ದರೆ ದುರ್ಬಲವಾದದ್ದು ಮೊದಲು ಕರಗುತ್ತದೆ. ಉಕ್ಕಿನ ಬದಲು ಕರಗಲೆಂದೇ ಇವನ್ನಿಟ್ಟಿರುವುದು. ಸಿಹಿನೀರಿಗೆ ಮೆಗ್ನೀಸಿಯಂ, ಸಮುದ್ರಕ್ಕಾದರೆ ಸತು. ಪೂರ್ತಿ ಸವೆದ ತುಂಡನ್ನು ಕಂಡು ಮರುಗಬೇಕಿಲ್ಲ, ಸವೆಯದೇ ಹೊಸದಾಗಿ ಉಳಿದಿದ್ದರೆ ಅನುಮಾನಪಡಬೇಕು. ದಡದ ಕರೆಂಟಿಗೆ ತಂತಿ ಸಿಕ್ಕಿಸಿದಾಗ ಅರ್ಥ್ ತಂತಿಯ ಮೂಲಕ ಪಕ್ಕದ ದೋಣಿಗಳಿಗೂ ನಂಟು ಬೆಳೆದು ಸವೆತ ಹೆಚ್ಚುತ್ತದೆ. ಅದನ್ನು ತಡೆಯಲು ಐಸೊಲೇಟರ್ ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಹಳೆಯ ದೋಣಿಯಾದರೆ ಶಬ್ದತರಂಗ ಬಿಟ್ಟು ಉಕ್ಕಿನ ದಪ್ಪ ಅಳೆಸುತ್ತಾರೆ. 4 ಮಿಲಿಮೀಟರಿಗಿಂತ ತೆಳುವಾದರೆ ವಿಮೆಯವರು ಮುಖ ಸಿಂಡರಿಸುತ್ತಾರೆ.

ಇಷ್ಟೆಲ್ಲ ಮುಳುಗುವ ಮಾತಾಯಿತು. ದಿನನಿತ್ಯ ತಲೆ ತಿನ್ನುವುದು ಇದಾವುದೂ ಅಲ್ಲ, ಲೆಕ್ಕ. ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಬ್ಯಾಟರಿಯಲ್ಲಿ ಎಷ್ಟು ಕರೆಂಟಿದೆ, ಸಿಲಿಂಡರಿನಲ್ಲಿ ಎಷ್ಟು ಗ್ಯಾಸಿದೆ, ಕಕ್ಕಸಿನ ಡಬ್ಬಿ ಎಷ್ಟು ತುಂಬಿದೆ. ನಲ್ಲಿ ತಿರುವಿದರೆ ನೀರು, ಗುಂಡಿ ಒತ್ತಿದರೆ ಬೆಳಕು ಎಂದು ಬೆಳೆದ ಅಲ್ಲಿನವರಿಗೆ ಇದು ಹೊಸ ಪಾಠ. ನಿಮ್ಮ ಮಗನಿಗಲ್ಲ. ಪಂಪು ಹಾಕಿ ಟ್ಯಾಂಕು ತುಂಬಿಸಿ, ಇನ್ವರ್ಟರಿಗೆ ಡಿಸ್ಟಿಲ್ಡ್ ವಾಟರ್ ಹೊಯ್ದು, ಸಿಲಿಂಡರನ್ನು ಅಲ್ಲಾಡಿಸಿ ನೋಡುವ ಮನೆಯಲ್ಲಿ ಬೆಳೆದವನು. ಕಾಲುವೆಯವರಿಗೆ ಅವನೇ ಪಾಠ ಹೇಳಬಹುದು.

ಕರೆಂಟು: ಮಿಕ್ಸಿ ಓಡುತ್ತದೆ, ಚಿಂತೆ ಬೇಡ. ಇನ್ವರ್ಟರ್ ಮೂಲಕ 750 ವ್ಯಾಟಿನ ಮಿಕ್ಸಿ ಮೂರು ನಿಮಿಷ ಓಡಿದರೆ ಬ್ಯಾಟರಿಗೆ ಲೆಕ್ಕಕ್ಕೇ ಇಲ್ಲ. ಇಂಗ್ಲಿಷರ 3,000 ವ್ಯಾಟಿನ ವಿದ್ಯುತ್ ಕೆಟಲ್ ಮಾತ್ರ 12 ವೋಲ್ಟಿನ ಬ್ಯಾಟರಿಯಿಂದ 250 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಚಹಾದ ನೀರು ಗ್ಯಾಸಿನ ಮೇಲೇ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತ ಹೋದರೆ ಬೇಗ ಸಾಯುತ್ತದೆ. ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬೆಳಗಾಗುವುದು ಎಂಟರ ಮೇಲೆ, ಕತ್ತಲಾಗುವುದು ನಾಲ್ಕಕ್ಕೆ. ಚಾವಣಿಯ ಸೋಲಾರ್ ಹಲಗೆ ಆಗ ಅಲಂಕಾರಕ್ಕೆ. ಎಂಜಿನ್ ಓಡಿಸಿಯೇ ಚಾರ್ಜು ಮಾಡಬೇಕು. ಕಟ್ಟಿಹಾಕಿದ ದೋಣಿಯ ಎಂಜಿನ್ನನ್ನು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಓಡಿಸಬಾರದು, ನೆರೆಯವರ ನಿದ್ದೆಯ ಪ್ರಶ್ನೆ.

ಕಕ್ಕಸು: ಹೆಚ್ಚಿನವರದು ಸುಮಾರು 20 ಲೀಟರಿನ ಡಬ್ಬಿ. ಮೂರು ನಾಲ್ಕು ದಿನಕ್ಕೊಮ್ಮೆ ಕೈಗಾಡಿಯಲ್ಲಿ ಎಳೆದುಕೊಂಡು ಹೋಗಿ ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆದು ತರಬೇಕು. ‘ಎಲ್ಲಾ ಉಂಟು ಅಮ್ಮ’ ಎಂದದ್ದು ಈ ವಿವರ ತಪ್ಪಿಸಲಿಕ್ಕೇ ಇರಬೇಕು. ಪಾತ್ರೆ ತೊಳೆದ, ಮಿಂದ ನೀರು ನೇರ ಕಾಲುವೆಗೆ.

ಚಳಿಗಾಲಕ್ಕೆ ಕಲ್ಲಿದ್ದಲು ಹಾಕುವ ಪುಟ್ಟ ಕಬ್ಬಿಣದ ಒಲೆ. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಹೊತ್ತ ಮಾರಾಟದ ದೋಣಿ ಬಾಗಿಲಿಗೇ ಬರುತ್ತದೆ, ಹಿಂದೆ ನಮ್ಮಲ್ಲಿ ಗಾಡಿಯ ಮೇಲೆ ಸೀಮೆಎಣ್ಣೆ ಬಂದ ಹಾಗೆ. ಒಲೆಯ ಪಕ್ಕದಲ್ಲಿಟ್ಟರೆ ದೋಸೆ ಹಿಟ್ಟು ಜನವರಿಯಲ್ಲೂ ಹುಳಿಬರುತ್ತದೆ. ಆದರೆ ಉಸಿರು, ಅಡುಗೆಯ ಹಬೆ, ಒಳಗೇ ಒಣಹಾಕಿದ ಬಟ್ಟೆ, ಇವೆಲ್ಲದರ ತೇವ ತಣ್ಣನೆಯ ಉಕ್ಕಿನ ಮೇಲೆ ಬೆವರಾಗಿ ಇಳಿದು ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿಸುತ್ತದೆ. ಹೊರಗಿನ ನೀರಿಗಿಂತ ಇದೇ ಹೆಚ್ಚು ಕಾಡುವುದು. ಚಳಿಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕಿದರೆ ತೇವ ಇನ್ನಷ್ಟು ಹೆಚ್ಚುತ್ತದೆ, ಅದಕ್ಕಿಂತ ಕೆಟ್ಟದ್ದು ಒಲೆಯ ಕಾರ್ಬನ್ ಮೊನಾಕ್ಸೈಡ್ ಒಳಗೇ ಉಳಿಯುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ದೋಣಿ ಸುರಕ್ಷತಾ ಪರೀಕ್ಷೆಯಲ್ಲಿ 2019ರಿಂದ ಇದರ ಅಲಾರಂ ಕಡ್ಡಾಯ. ಮುಳುಗುತ್ತೀಯಾ ಎಂದು ಕೇಳುವ ಬದಲು, ಅಲಾರಂ ಒತ್ತಿ ನೋಡಿದೆಯಾ ಎಂದು ವಾರಕ್ಕೊಮ್ಮೆ ಕೇಳಿ. ಗ್ಯಾಸ್ ಸಿಲಿಂಡರ್ ಎಲ್ಲಿದೆ ಎಂದೂ ಕೇಳಿ. ಸಾಮಾನ್ಯವಾಗಿ ಅದು ಮೂತಿಯ ಬಳಿ ಬೇರೆಯೇ ಪೆಟ್ಟಿಗೆಯಲ್ಲಿರುತ್ತದೆ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟದೆ ಹೊರಗೆ ಹರಿದುಹೋಗಲು ಆ ಪೆಟ್ಟಿಗೆಗೆ ಕಿಂಡಿಯಿರುತ್ತದೆ.

ಕೊನೆಗೆ ವಿಳಾಸ. ಮಗ ಮಾತು ತಿರುಗಿಸುತ್ತಿಲ್ಲ, ಬಹುಶಃ ಅವನಿಗೆ ವಿಳಾಸವೇ ಇಲ್ಲ. ಖಾಯಂ ಕಟ್ಟುವ ಜಾಗಕ್ಕೆ ಬಾಡಿಗೆ ಕೊಡದವರು 1995ರ ಕಾಯ್ದೆಯಂತೆ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಮುಂದೆ ಸಾಗುತ್ತಲೇ ಇರಬೇಕು. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ 2024ರಿಂದ ಇಂಥವರ ಪರವಾನಗಿಗೆ ಹೆಚ್ಚುವರಿ ಶುಲ್ಕ ಹಾಕುತ್ತಿದೆ. ದೋಣಿಯೇ ಮನೆಯಾದವರು ಅದನ್ನು ವಿರೋಧಿಸಿದ್ದಾರೆ. ಮನೆ ಬಾಡಿಗೆ ಕಟ್ಟಲಾರದೆ ನೀರಿಗಿಳಿದವರ ಮೇಲೇ ಭಾರ ಹಾಕುವುದು ನನಗೂ ಸರಿಕಾಣದು. ಆದರೆ ಇನ್ನೂರು ವರ್ಷ ದಾಟಿದ ಕಾಲುವೆಗಳ ಗೇಟು, ಗೋಡೆಗಳ ದುರಸ್ತಿಗೆ ಹಣ ಬರಬೇಕಲ್ಲ ಎಂಬ ಟ್ರಸ್ಟಿನ ಮಾತನ್ನೂ ತಳ್ಳಿಹಾಕುವಂತಿಲ್ಲ.

ಹಾಗಾದರೆ ಉಪ್ಪಿನಕಾಯಿ? ಅವನು ಆ ಎರಡು ವಾರ ಇರುವ ಊರಿನ ಅಂಚೆ ಕಚೇರಿಯ ಹೆಸರು ಕೇಳಿಕೊಳ್ಳಿ. ಅವನ ಹೆಸರು, ಕೆಳಗೆ ‘ಪೋಸ್ಟ್ ರೆಸ್ಟಾಂಟ್’ ಎಂದು ಬರೆದು ಆ ಕಚೇರಿಯ ವಿಳಾಸಕ್ಕೆ ಕಳಿಸಿದರೆ ಅವರು ಕೆಲವು ದಿನ ಇಟ್ಟುಕೊಂಡಿದ್ದು, ಗುರುತಿನ ಚೀಟಿ ತೋರಿಸಿದಾಗ ಕೊಡುತ್ತಾರೆ. ತುಪ್ಪ, ಹಾಲಿನ ತಿಂಡಿ ಜೊತೆಗಿಡಬೇಡಿ, ಅಲ್ಲಿನ ಕಸ್ಟಮ್ಸ್‌ನವರು ಬಿಡುವುದಿಲ್ಲ. ಗಾಜಿನ ಬಾಟಲಿಯೂ ಬೇಡ. ಲಾಕಿನೊಳಗೆ ನೀರು ನುಗ್ಗುವಾಗ ದೋಣಿ ಗೋಡೆಗೆ ಬಡಿಯುತ್ತದೆ, ಕಪಾಟಿನ ಮೇಲಿಟ್ಟದ್ದೆಲ್ಲ ನೆಲಕ್ಕೆ. ಗೆಳೆಯನ ದೋಣಿಯ ಮರದ ನೆಲದಲ್ಲಿ ಮಿಡಿಗಾಯಿಯ ಎಣ್ಣೆ ಇಂಗಿದ ಕಲೆ ನಾನು ಊರಿಗೆ ಮರಳುವವರೆಗೂ ಹೋಗಿರಲಿಲ್ಲ.