ಕುರ್ಚಿಯ ಪಕ್ಕ ನಿಲ್ಲಲು ಅನುಮತಿ ಕೇಳುವಾಗ

ಅಮೆರಿಕದಲ್ಲಿ ಡೆಂಟಲ್ ಕಾಲೇಜು ಸೇರಬೇಕೆನ್ನುವ ಹುಡುಗ ಹುಡುಗಿಯರು ಖಾಸಗಿ ಕ್ಲಿನಿಕ್ಕುಗಳಿಗೆ ಇಂಟರ್ನ್‌ಶಿಪ್ ಕೇಳಿ ಬರೆಯುವ ಪತ್ರಗಳನ್ನು ಓದುವುದು ಹಲವು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. ಬೇಸಿಗೆ ರಜೆ ಹತ್ತಿರವಾದಂತೆ ಈ ಪತ್ರಗಳು ಹೆಚ್ಚುತ್ತವೆ. ಬರೆಯುವವರು ಜಾಣರು. ಅಂಕಗಳು ಚೆನ್ನಾಗಿರುತ್ತವೆ, ಭಾಷೆ ಅಚ್ಚುಕಟ್ಟಾಗಿರುತ್ತದೆ. ಆದರೂ ಹೆಚ್ಚಿನ ಪತ್ರಗಳಿಗೆ ಉತ್ತರವೇ ಹೋಗುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಒಂದೇ ಎಂಬುದು ನನಗೆ ಮನವರಿಕೆಯಾಗಿದೆ: ಕಾಲೇಜಿನ ಪ್ರವೇಶ ಸಮಿತಿಗೆ ಬರೆಯಬೇಕಾದ ಪತ್ರವನ್ನು ಅವರು ಕ್ಲಿನಿಕ್ಕಿಗೆ ಬರೆದಿರುತ್ತಾರೆ. ನೀವು ಯಾರು, ಈ ವೃತ್ತಿ ನಿಮಗೆ ಏಕೆ ಬೇಕು ಎಂದು ಸಮಿತಿ ಕೇಳುತ್ತದೆ. ಕ್ಲಿನಿಕ್ಕಿನವರ ಚಿಂತೆ ಬೇರೆ. ಮಂಗಳವಾರ ಬೆಳಿಗ್ಗೆ ಎರಡನೇ ಕೋಣೆಯಲ್ಲಿ ರೋಗಿಯೊಬ್ಬರು ಬಾಯಿ ತೆರೆದು ಒರಗಿರುವಾಗ ನೀವು ಅಲ್ಲಿ ಬಂದು ನಿಂತರೆ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಅವರು ಯೋಚಿಸುತ್ತಾರೆ. ಆ ಚಿಂತೆಗೆ ಉತ್ತರ ಕೊಡುವ ಪತ್ರವೇ ಒಳ್ಳೆಯ ಅರ್ಜಿ. ಅಂಥ ಪತ್ರ ಬರೆಯಲು ಬೇಕಾದ ತಿಳಿವಳಿಕೆಯೇ ಮುಂದೆ ಕ್ಲಿನಿಕ್ಕಿನೊಳಗೆ ಕಲಿಯಲೂ ಬೇಕಾಗುತ್ತದೆ.

ಕರ್ನಾಟಕದಲ್ಲಿ ಓದಿ ಇಲ್ಲಿ ನೆಲೆಸಿದ ತಂದೆತಾಯಿಗಳಿಗೆ ಈ ಪದ್ಧತಿಯೇ ವಿಚಿತ್ರವೆನಿಸುತ್ತದೆ. ಅಲ್ಲಿ ಪಿಯುಸಿ ಆದ ಮೇಲೆ ನೀಟ್, ಕೌನ್ಸೆಲಿಂಗ್, ಸೀಟು. ಬಿಡಿಎಸ್ ಸೇರಿದವರು ಮೇಣದಲ್ಲಿ ಹಲ್ಲು ಕೆತ್ತುತ್ತ, ಪ್ಲಾಸ್ಟರ್ ಕಲಸುತ್ತ ಎರಡು ವರ್ಷ ಕಳೆದು ಮೂರನೇ ವರ್ಷಕ್ಕೆ ರೋಗಿಯ ಎದುರು ನಿಲ್ಲುತ್ತಾರೆ. ಇಂಟರ್ನ್‌ಶಿಪ್ ಏನಿದ್ದರೂ ಎಲ್ಲ ಪರೀಕ್ಷೆ ಮುಗಿದ ಮೇಲೆ. ಇಲ್ಲಿ ಕ್ರಮ ತಿರುವುಮುರುವು. ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಅದರ ನಡುವೆ ಡೆಂಟಲ್ ಪ್ರವೇಶಕ್ಕೆ ಡಿಎಟಿ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ಡೆಂಟಲ್ ಕಾಲೇಜು. ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗಾಗಲೇ ದಂತವೈದ್ಯರ ಪಕ್ಕ ನಿಂತು ಅವರ ಕೆಲಸವನ್ನು ನೋಡಿರಬೇಕು. ಯಾರ ಬಳಿ, ಎಷ್ಟು ಗಂಟೆ ಎಂದು ಅರ್ಜಿಯಲ್ಲಿ ನಮೂದಿಸಬೇಕು. ಹಲವು ಕಾಲೇಜುಗಳು 100 ಗಂಟೆಯಾದರೂ ಇರಲಿ ಎನ್ನುತ್ತವೆ. ಗೊಂದಲ ಶುರುವಾಗುವುದೇ ಈ ಸಂಖ್ಯೆಯಿಂದ. ಮನೆಯಲ್ಲಿ ಇದನ್ನೂ ಒಂದು ಅಂಕಪಟ್ಟಿ ಎಂದುಕೊಳ್ಳುತ್ತಾರೆ, ಮಕ್ಕಳು ಗಂಟೆ ತುಂಬಿಸಲು ಹೊರಡುತ್ತಾರೆ, ಊರಿನ ಎಲ್ಲ ಕ್ಲಿನಿಕ್ಕುಗಳಿಗೂ ಡಾಕ್ಟರ ಹೆಸರಷ್ಟೇ ಬದಲಾದ ಒಂದೇ ಪತ್ರ ಹೋಗುತ್ತದೆ. ಓದುವವರಿಗೆ ಇದು ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ.

ಖಾಸಗಿ ಕ್ಲಿನಿಕ್ ಎಂದರೆ ಇಲ್ಲಿ ಬಹಳ ಕಡೆ ಒಬ್ಬರೋ ಇಬ್ಬರೋ ಡಾಕ್ಟರು, ಹಲ್ಲು ಶುಚಿ ಮಾಡುವ ಹೈಜೀನಿಸ್ಟ್, ಕೆಲವು ಅಸಿಸ್ಟೆಂಟರು, ಮುಂದಿನ ಮೇಜಿನಲ್ಲಿ ಫೋನು, ಇನ್ಶೂರೆನ್ಸ್, ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಒಬ್ಬಿಬ್ಬರು. ನಿಮ್ಮ ಪತ್ರವನ್ನು ಮೊದಲು ಓದುವವರು ಡಾಕ್ಟರಲ್ಲ, ಆಫೀಸ್ ಮ್ಯಾನೇಜರ್. ಒಳಗಿನ ಕೋಣೆ ಸಣ್ಣದು. ಕುರ್ಚಿಯ ಒಂದು ಪಕ್ಕದಲ್ಲಿ ಡಾಕ್ಟರು, ಇನ್ನೊಂದು ಪಕ್ಕದಲ್ಲಿ ಅಸಿಸ್ಟೆಂಟ್. ಒಂದು ಕೈಯಲ್ಲಿ ಸಕ್ಷನ್ ಹಿಡಿದು, ನಾಲಿಗೆ ಕೆನ್ನೆಗಳನ್ನು ಡ್ರಿಲ್ಲಿನಿಂದ ದೂರ ಸರಿಸುತ್ತ, ಇನ್ನೊಂದು ಕೈಯಿಂದ ಡಾಕ್ಟರು ಬಾಯಿಬಿಟ್ಟು ಕೇಳುವ ಮೊದಲೇ ಮುಂದಿನ ಉಪಕರಣವನ್ನು ಅವರ ಬೆರಳಿಗೆ ಇಡುತ್ತಿರುತ್ತಾರೆ. ನಾಲ್ಕು ಕೈಗಳ ಈ ಓಡಾಟದ ನಡುವೆ ಮೂರನೆಯವರಿಗೆ ಉಳಿಯುವುದು ರೋಗಿಯ ಕಾಲಿನ ಕಡೆ ಗೋಡೆಗೆ ಒತ್ತಿಕೊಂಡ ಒಂದಿಷ್ಟು ಜಾಗ. ಅಲ್ಲಿ ನಿಲ್ಲಲು ರೋಗಿಯ ಒಪ್ಪಿಗೆಯೂ ಬೇಕು. ಹಿಪಾ ಎಂದು ಎಲ್ಲರೂ ಕರೆಯುವ 1996ರ ಕಾನೂನಿನಿಂದಾಗಿ, ಕೋಣೆಯಲ್ಲಿ ಕೇಳಿದ ಒಂದು ಹೆಸರು ಕೂಡ ನಿಮ್ಮ ಬಾಯಿಂದ ಹೊರಗೆ ಹೋಗಬಾರದು. ಜೊತೆಗೆ ರಕ್ತ, ಎಂಜಲು, ಚೂಪಾದ ಉಪಕರಣಗಳಿರುವ ಜಾಗ ಅದು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಮೂರು ಡೋಸಿನಲ್ಲಿ ಕೊಡುವ ಆ ಲಸಿಕೆ ಪೂರ್ತಿಯಾಗಲು ಆರು ತಿಂಗಳು ಬೇಕು. ಹೆಚ್ಚಿನ ಮಕ್ಕಳಿಗೆ ಶಿಶುವಾಗಿದ್ದಾಗಲೇ ಹಾಕಿಸಿರುತ್ತಾರೆ, ಆದರೆ ದಾಖಲೆ ಕೈಯಲ್ಲಿರುವುದಿಲ್ಲ.

ಇದನ್ನೆಲ್ಲ ಅರಿತು ಬರೆದ ಪತ್ರ ಚಿಕ್ಕದಾಗಿರುತ್ತದೆ, ಹೀಗೆ: ಸೆಪ್ಟೆಂಬರಿನಿಂದ ಡಿಸೆಂಬರ್ ಮಧ್ಯದವರೆಗೆ ಪ್ರತಿ ಶುಕ್ರವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಬರಬಲ್ಲೆ. ನಿಮಗೆ ಬೇರೆ ದಿನ ಅನುಕೂಲವಾದರೆ ಬುಧವಾರ ಮಧ್ಯಾಹ್ನವೂ ಬಿಡುವಿದೆ. ಲಸಿಕೆಯ ದಾಖಲೆ ಲಗತ್ತಿಸಿದ್ದೇನೆ. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕುತ್ತೇನೆ. ಯಾವ ರೋಗಿಯಾದರೂ ಬೇಡವೆಂದರೆ ಹೊರಗಿರುತ್ತೇನೆ. ನೋಡಲು ಅವಕಾಶ ಕೇಳುತ್ತಿದ್ದೇನೆ, ಕೆಲಸವನ್ನಲ್ಲ. ಇಷ್ಟಿದ್ದರೆ ಮ್ಯಾನೇಜರ್ ಕ್ಯಾಲೆಂಡರ್ ತೆರೆದು ನೋಡುತ್ತಾರೆ. ಬೇಸಿಗೆಯಲ್ಲಿ ಯಾವಾಗ ಬೇಕಾದರೂ ಬರುತ್ತೇನೆ, ಏನು ಬೇಕಾದರೂ ಮಾಡುತ್ತೇನೆ ಎಂದು ಬರೆದವರು ಅದನ್ನು ಔದಾರ್ಯವೆಂದು ತಿಳಿದಿರುತ್ತಾರೆ. ಆದರೆ ಯಾವಾಗ, ಏನು ಎಂದು ಯೋಚಿಸುವ ಹೊರೆಯನ್ನೆಲ್ಲ ಅದು ಓದುವವರ ತಲೆಗೆ ದಾಟಿಸುತ್ತದೆ. ಈಗಾಗಲೇ ತುಂಬಿದ ದಿನ ನಡೆಸುತ್ತಿರುವ ಆಫೀಸು ಅದನ್ನು ಬದಿಗಿಡುವುದು ಸಹಜ.

ಹಾಗಾದರೆ ಆಸಕ್ತಿಗೆ ಬೆಲೆಯಿಲ್ಲವೇ, ಹೃದಯದಿಂದ ಬರೆದದ್ದು ಬೇಡವೇ ಎಂದು ಕೇಳಬಹುದು. ಬೇಕು, ಅದಕ್ಕೆ ಬೇರೆ ಜಾಗವಿದೆ. ಡೆಂಟಲ್ ಕಾಲೇಜುಗಳ ಕೇಂದ್ರೀಕೃತ ಅರ್ಜಿಯಲ್ಲಿ ಸ್ವಂತ ಹೇಳಿಕೆಗೆ 4,500 ಅಕ್ಷರಗಳ ಮಿತಿ ಕೊಟ್ಟಿದ್ದಾರೆ. ನಿಮ್ಮ ಒಲವಿನ ಕಥೆ ಹೇಳಬೇಕಾದದ್ದು ಅಲ್ಲಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕ್ಲಿನಿಕ್ಕಿನೊಳಗೆ ಕಾಲಿಡದ ಹತ್ತೊಂಬತ್ತರ ವಯಸ್ಸಿನವರು ಈ ವೃತ್ತಿಯೇ ತಮ್ಮ ಜೀವನದ ಗುರಿ ಎಂದು ಬರೆದರೆ, ಆ ಮಾತಿಗೆ ಆಧಾರವಾದರೂ ಯಾವುದು? ಒಲವು ಇದೆಯೇ ಎಂದು ತಿಳಿದುಕೊಳ್ಳಲೆಂದೇ ಈ ಇಂಟರ್ನ್‌ಶಿಪ್ ಇರುವುದು. ನೋಡಿದ ಮೇಲೆ ಇದು ತನಗಲ್ಲ ಎಂದು ಅರಿತವರು ಕೂಡ ದೊಡ್ಡ ಲಾಭವನ್ನೇ ಪಡೆದಿರುತ್ತಾರೆ. ಇಲ್ಲಿ ಸಾಲ ಮಾಡಿ ಓದಿದ ಡೆಂಟಲ್ ಪದವೀಧರರ ಸರಾಸರಿ ಸಾಲ ಮೂರು ಲಕ್ಷ ಡಾಲರಿನ ಆಸುಪಾಸಿನಲ್ಲಿದೆ. ಅಷ್ಟು ದೊಡ್ಡ ನಿರ್ಧಾರಕ್ಕೆ ಮೊದಲು ಕೆಲವು ತಿಂಗಳು ಗೋಡೆಗೊರಗಿ ನಿಲ್ಲುವುದು ಹೆಚ್ಚಿನದಲ್ಲ.

ಕಾಲೇಜಿನ ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಿರುವಾಗ ಖಾಸಗಿ ಕ್ಲಿನಿಕ್ಕೇ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಅಲ್ಲಿ ಕಲಿಯಲು ಬಹಳವಿದೆ. ಬಡವರ ಬಾಯಿಯ ಕಷ್ಟ ಏನೆಂದು ತಿಳಿಯಬೇಕಾದವರು ಅಲ್ಲಿಗೆ ಹೋಗಲೇಬೇಕು. ಆದರೆ ಇಲ್ಲಿಯ ದಂತವೈದ್ಯರಲ್ಲಿ ಹೆಚ್ಚಿನವರ ಬದುಕು ಸಾಗುವುದು ಖಾಸಗಿ ಕ್ಲಿನಿಕ್ಕುಗಳಲ್ಲಿ, ಮತ್ತು ಅಲ್ಲಿ ಚಿಕಿತ್ಸೆಯ ಜೊತೆಗೆ ಹಣದ ಮಾತೂ ದಿನವೂ ನಡೆಯುತ್ತದೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆಳಗಿನ ದವಡೆಯ ಹಲ್ಲೊಂದರ ಹುಳುಕು ಬೇರಿನ ನರದವರೆಗೆ ಇಳಿದಿದೆ ಎಂದುಕೊಳ್ಳಿ. ಡಾಕ್ಟರು ಎಕ್ಸ್‌ರೇ ತೋರಿಸಿ ರೂಟ್ ಕೆನಾಲ್ ಮಾಡಿ ಮೇಲೆ ಕ್ರೌನ್ ಕೂರಿಸಬೇಕು ಎನ್ನುತ್ತಾರೆ. ಎರಡೂ ಸೇರಿ ಬಹಳ ಕಡೆ 2,000 ಡಾಲರ್ ದಾಟುತ್ತದೆ. ರೋಗಿಯ ಡೆಂಟಲ್ ಇನ್ಶೂರೆನ್ಸ್ ವರ್ಷವೊಂದಕ್ಕೆ ಕೊಡುವ ಗರಿಷ್ಠ ಮೊತ್ತ ಸಾಮಾನ್ಯವಾಗಿ 1,000ದಿಂದ 2,000 ಡಾಲರ್; ಅದರಲ್ಲೂ ಕ್ರೌನ್‌ನಂಥ ಕೆಲಸಕ್ಕೆ ಅರ್ಧದಷ್ಟನ್ನು ಮಾತ್ರ ಕೊಡುವ ಪಾಲಿಸಿಗಳೇ ಹೆಚ್ಚು. 65 ದಾಟಿದವರ ಪಾಡು ಇನ್ನೂ ಕಷ್ಟ. ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯ ಕಾನೂನು 1965ರಲ್ಲಿ ಬಂದಾಗಲೇ ದಿನನಿತ್ಯದ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟರು, ಮೂಲ ಮೆಡಿಕೇರ್‌ನಲ್ಲಿ ಅದು ಇಂದಿಗೂ ಹೊರಗೇ ಇದೆ. ಅಂದಾಜು ಪಟ್ಟಿಯ ಕೊನೆಯ ಸಾಲನ್ನು ರೋಗಿ ಎರಡು ಸಲ ಓದುತ್ತಾರೆ. ಆಮೇಲೆ ಕೇಳುತ್ತಾರೆ, ಕಿತ್ತರೆ ಎಷ್ಟಾಗುತ್ತದೆ? ಉಳಿಸಬಹುದಾದ ಹಲ್ಲು. ಡಾಕ್ಟರಿಗೂ ಗೊತ್ತು, ರೋಗಿಗೂ ಗೊತ್ತು. ಆಗ ಡಾಕ್ಟರು ಯಾವ ಧಾಟಿಯಲ್ಲಿ ಮಾತಾಡುತ್ತಾರೆ, ಒತ್ತಾಯ ಮಾಡದೆ ಸತ್ಯ ಹೇಗೆ ಹೇಳುತ್ತಾರೆ, ಮುಂದಿನ ಮೇಜಿನವರು ಕಂತು ಕಟ್ಟುವ ದಾರಿಯನ್ನು ಹೇಗೆ ತಿಳಿಸುತ್ತಾರೆ, ಎಲ್ಲಾದರೂ ಮಾತು ಮಾರಾಟದ ಕಡೆ ಜಾರುತ್ತದೆಯೇ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ಡ್ರಿಲ್ ಹಿಡಿಯುವುದನ್ನು ಕಾಲೇಜು ಕಲಿಸುತ್ತದೆ. ಈ ಹತ್ತು ನಿಮಿಷದ ಮಾತುಕತೆ ನಿಮಗೆ ಸಹಿಸಲು ಆಗುತ್ತದೆಯೇ, ಇದನ್ನು ಪ್ರಾಮಾಣಿಕವಾಗಿ ನಡೆಸಬಲ್ಲಿರೇ ಎಂಬುದನ್ನು ಕಾಲೇಜು ಸೇರುವ ಮೊದಲೇ ನೋಡಿ ತಿಳಿಯಬೇಕು.

ಇಂಥದ್ದು ಎರಡು ವಾರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಐದು ಕ್ಲಿನಿಕ್ಕುಗಳಲ್ಲಿ ಇಪ್ಪತ್ತಿಪ್ಪತ್ತು ಗಂಟೆ ಕಳೆಯುವುದಕ್ಕಿಂತ ಒಂದೇ ಕಡೆ ವಾರಕ್ಕೆ ಅರ್ಧ ದಿನದಂತೆ ಆರು ತಿಂಗಳು ಹೋಗುವುದು ಮೇಲು ಎನ್ನುತ್ತೇನೆ. ಅದೇ ರೋಗಿ ತಾತ್ಕಾಲಿಕ ಕ್ರೌನ್ ಹಾಕಿಸಿಕೊಂಡು ಹೋಗಿ, ಲ್ಯಾಬಿನಿಂದ ಕ್ರೌನ್ ಬಂದ ಮೇಲೆ ಮರಳಿದಾಗ ಕಚ್ಚುವಿಕೆ ಸರಿಯಿಲ್ಲವೆಂದು ಡಾಕ್ಟರು ಮತ್ತೆ ಮತ್ತೆ ತಿದ್ದುವುದನ್ನು ನೋಡುತ್ತೀರಿ. ನಾಲ್ಕು ತಿಂಗಳ ಕೆಳಗೆ ಹೇಳಿದ್ದ ಫಿಲ್ಲಿಂಗನ್ನು ಮುಂದೂಡಿದವರು ಊದಿದ ಕೆನ್ನೆಯೊಂದಿಗೆ ಬರುವುದನ್ನೂ ನೋಡುತ್ತೀರಿ. ಹೌದು, ಬೇರೆ ಬೇರೆ ತಜ್ಞರ ಕೆಲಸವನ್ನೂ ನೋಡಿರಬೇಕೆಂದು ಕೆಲವು ಕಾಲೇಜುಗಳು ಬಯಸುತ್ತವೆ. ಅದಕ್ಕೆ ನೀವು ಯಾರ ಪಕ್ಕ ನಿಂತಿರೋ ಆ ಡಾಕ್ಟರೇ ತಾವು ರೋಗಿಗಳನ್ನು ಕಳಿಸುವ ಆರ್ಥೊಡಾಂಟಿಸ್ಟ್‌ಗೋ ಓರಲ್ ಸರ್ಜನ್‌ಗೋ ಒಂದು ಮಾತು ಹೇಳುತ್ತಾರೆ. ನಿಮ್ಮನ್ನು ಬಲ್ಲವರ ಆ ಒಂದು ಮಾತು ಹತ್ತು ಅಪರಿಚಿತ ಪತ್ರಗಳಿಗಿಂತ ಬೇಗ ಬಾಗಿಲು ತೆರೆಸುತ್ತದೆ.

ನೋಡಲು ಮಾತ್ರ ಕೇಳಿ ಎಂದು ನಾನು ಒತ್ತಿ ಹೇಳುವುದಕ್ಕೆ ನಮ್ಮ ಮನೆಗಳಲ್ಲಿ ಹೆಚ್ಚು ಆಕ್ಷೇಪ ಬರುತ್ತದೆ. ಸುಮ್ಮನೆ ನಿಲ್ಲುವುದಕ್ಕಿಂತ ಕೈಲಾದ ಕೆಲಸ ಮಾಡಿಕೊಟ್ಟರೆ ತಪ್ಪೇನು, ವಿದ್ಯೆ ಕೊಡುವವರಿಗೆ ಅಷ್ಟಾದರೂ ಸೇವೆ ಬೇಡವೇ ಎನ್ನುತ್ತಾರೆ. ಭಾವ ಒಳ್ಳೆಯದು, ಆದರೆ ಖಾಸಗಿ ಕ್ಲಿನಿಕ್ ಲಾಭಕ್ಕೆ ನಡೆಯುವ ಉದ್ಯಮ. 1938ರ ಕನಿಷ್ಠ ವೇತನದ ಒಕ್ಕೂಟ ಕಾನೂನು ಅದಕ್ಕೂ ಅನ್ವಯಿಸುತ್ತದೆ. ಸಂಬಳವಿಲ್ಲದ ಇಂಟರ್ನ್‌ಶಿಪ್‌ನಿಂದ ಹೆಚ್ಚಿನ ಪ್ರಯೋಜನ ಯಾರಿಗೆ, ವಿದ್ಯಾರ್ಥಿಗೋ ಉದ್ಯಮಕ್ಕೋ ಎಂದು ನೋಡುವ ಏಳು ಅಂಶಗಳ ಅಳತೆಗೋಲನ್ನು ಕಾರ್ಮಿಕ ಇಲಾಖೆ 2018ರಲ್ಲಿ ಒಪ್ಪಿಕೊಂಡಿತು. ದಿನವಿಡೀ ಉಪಕರಣ ತೊಳೆದು, ಚೀಲದಲ್ಲಿ ಮುಚ್ಚಿ, ಆಟೋಕ್ಲೇವಿಗೆ ತುಂಬುವವರು, ಫೋನ್ ಎತ್ತುವವರು ಸಂಬಳದ ನೌಕರರ ಜಾಗದಲ್ಲಿ ನಿಂತಿದ್ದಾರೆ. ಅವರಿಗೆ ಸಂಬಳ ಸಿಗಬೇಕು. ಇದು ಹಣದ ಮಾತಷ್ಟೇ ಅಲ್ಲ. ರಕ್ತದಿಂದ ಹರಡುವ ರೋಗಗಳ ಬಗ್ಗೆ 1991ರಲ್ಲಿ ಬಂದ ಕೆಲಸದ ಸುರಕ್ಷತಾ ನಿಯಮ ನೌಕರರಿಗೆ ಉಚಿತ ಲಸಿಕೆ, ತರಬೇತಿ, ಸೂಜಿ ಚುಚ್ಚಿದರೆ ಮುಂದಿನ ತಪಾಸಣೆ ಎಲ್ಲವನ್ನೂ ಮಾಲೀಕರ ಹೊಣೆ ಮಾಡಿದೆ. ನೌಕರರಲ್ಲದ ವಿದ್ಯಾರ್ಥಿಗೆ ಆ ರಕ್ಷಣೆ ಹಾಗೆಯೇ ಸಿಗುತ್ತದೆಂಬ ಖಾತ್ರಿಯಿಲ್ಲ. ಬಳಸಿದ ಉಪಕರಣ ತೊಳೆಯುವ ಸಿಂಕಿನ ಬಳಿ ಕೈಗೆ ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಿಂಕಿಗೆ ಕೈ ಹಾಕಬಾರದು. ಕೆಲಸವನ್ನೇ ಕಲಿಯಬೇಕೆಂದಿದ್ದರೆ ಡೆಂಟಲ್ ಅಸಿಸ್ಟೆಂಟ್ ಕೆಲಸಕ್ಕೇ ನೇರವಾಗಿ ಅರ್ಜಿ ಹಾಕಿ. ತರಬೇತಿ, ಪ್ರಮಾಣಪತ್ರದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಎಕ್ಸ್‌ರೇ ತೆಗೆಯಲು ಕ್ಯಾಲಿಫೋರ್ನಿಯಾದಂಥ ಕಡೆ ಬೇರೆಯೇ ಪ್ರಮಾಣಪತ್ರ ಬೇಕು.

ಈ ಸಲಹೆ ನಮ್ಮ ಮಕ್ಕಳಲ್ಲಿ ಎಲ್ಲರಿಗೂ ಒದಗುವುದಿಲ್ಲ ಎಂಬುದು ನನಗೆ ಗೊತ್ತು, ಅದು ನನ್ನನ್ನು ಕಾಡುತ್ತದೆ. ತಂದೆಯದೋ ತಾಯಿಯದೋ ಎಚ್-1ಬಿ ವೀಸಾದ ಮೇಲೆ ಅವಲಂಬಿತರ ಎಚ್-4 ವೀಸಾದಲ್ಲಿ ಬೆಳೆದ ಮಗು ಇಲ್ಲಿ ಓದಬಹುದು, ದುಡಿಯುವಂತಿಲ್ಲ. ಇಪ್ಪತ್ತೊಂದು ತುಂಬಿದರೆ ಆ ವೀಸಾವೂ ಇಲ್ಲ. ಹೆಚ್ಚಿನವರು ವಿದ್ಯಾರ್ಥಿ ವೀಸಾಕ್ಕೆ ಬದಲಾಗುತ್ತಾರೆ, ಅದರಲ್ಲೂ ಕ್ಯಾಂಪಸ್ಸಿನ ಹೊರಗಿನ ಕೆಲಸಕ್ಕೆ ಅನುಮತಿ ಬೇಕು. ಸಂಬಳವಿಲ್ಲದಿದ್ದರೆ ಕೆಲಸವೇ ಅಲ್ಲ ಎಂಬ ನಂಬಿಕೆ ಅಪಾಯದ್ದು. ಇತರರು ಸಂಬಳಕ್ಕೆ ಮಾಡುವ ಕೆಲಸವನ್ನು ಪುಕ್ಕಟೆ ಮಾಡಿದರೂ ಅದನ್ನು ಅನುಮತಿಯಿಲ್ಲದ ದುಡಿಮೆ ಎಂದು ಎಣಿಸಬಹುದು. ಇಂಥವರು ಪತ್ರದಲ್ಲಿ ನೋಡಲು ಬರುತ್ತೇನೆ ಎಂದೇ ಬರೆಯಬೇಕು, ಒಳಗೂ ಅದಕ್ಕೆ ಬದ್ಧರಾಗಿರಬೇಕು. ಮೊದಲ ದಿನಕ್ಕೆ ಮುಂಚೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ನೋಡುವುದರಿಂದ ಅವರಿಗೆ ಕಡಿಮೆ ದಕ್ಕುತ್ತದೆಂದು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಹಣದ ಮಾತುಕತೆಯನ್ನು ಆಲಿಸಲು ಕೈಗೆ ಗ್ಲೋವ್ಸ್ ಬೇಕಿಲ್ಲ.

ಕನ್ನಡ ಕೂಟದಲ್ಲಿ ಪರಿಚಯದ ಡೆಂಟಿಸ್ಟ್ ಇದ್ದಾರೆ, ಅವರಲ್ಲಿ ಕೇಳಿದರೆ ಸಾಲದೇ ಎಂಬ ಮಾತೂ ಬರುತ್ತದೆ. ಧಾರಾಳವಾಗಿ ಕೇಳಿ. ಆದರೆ ಅಪ್ಪ ಅಮ್ಮ ಫೋನ್ ಮಾಡುವುದು ಬೇಡ, ಪತ್ರ ವಿದ್ಯಾರ್ಥಿಯದೇ ಆಗಿರಲಿ. ಯುಗಾದಿ ಊಟದಲ್ಲಿ ಅಂಕಲ್ ಎಂದು ಕರೆದವರನ್ನು ಕ್ಲಿನಿಕ್ಕಿನಲ್ಲಿ ರೋಗಿಗಳೆದುರು ಡಾಕ್ಟರ್ ಎನ್ನಬೇಕು. ಶಿಫಾರಸು ಪತ್ರ ಬೇಕಾದಾಗ ಹತ್ತಿರದ ನೆಂಟರದನ್ನು ಅನೇಕ ಕಾಲೇಜುಗಳು ಒಪ್ಪುವುದಿಲ್ಲ, ಮನೆಯ ಸ್ನೇಹಿತರು ಬರೆದದ್ದಕ್ಕೂ ತೂಕ ಕಡಿಮೆ. ಹಾಗಾಗಿ ಪರಿಚಯದವರ ಕಡೆ ಶುರು ಮಾಡಿದರೂ ಕ್ಲಿನಿಕ್ಕಿನಲ್ಲಿ ನೋಡಿಯೇ ನಿಮ್ಮನ್ನು ಅರಿತ ಒಬ್ಬ ಡಾಕ್ಟರಾದರೂ ಇರುವಂತೆ ನೋಡಿಕೊಳ್ಳಿ.

ಪತ್ರ ಕಳಿಸಿ ಎರಡು ವಾರವಾದರೂ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ, ಇಲ್ಲವೇ ಹೋಗಿ ಆಫೀಸ್ ಮ್ಯಾನೇಜರನ್ನು ಹೆಸರು ಹಿಡಿದು ಕೇಳಿ. ಸೋಮವಾರ ಬೆಳಿಗ್ಗೆ ಮಾತ್ರ ಬೇಡ. ಶನಿವಾರ ಭಾನುವಾರ ಹಲ್ಲುನೋವು ತಡೆದುಕೊಂಡವರೆಲ್ಲ ಆ ಹೊತ್ತಿಗೆ ಫೋನ್ ಮಾಡುತ್ತಿರುತ್ತಾರೆ, ಫೋನ್ ಲೈನನ್ನು ಅವರಿಗೆ ಬಿಡಿ.