ಚೊಚ್ಚಲ ಬಸುರಿಯ ಮನೆಗೊಂದು ಮಾತು

ಚೊಚ್ಚಲ ಬಸಿರು ಎಂದು ತಿಳಿದ ಕೂಡಲೇ ಮನೆಗೆ ಬಂದವರೆಲ್ಲ ಒಂದೊಂದು ಪಥ್ಯ ಹೇಳಿ ಹೋಗುತ್ತಾರೆ. ಅಕ್ಕರೆಯಿಂದಲೇ ಹೇಳುತ್ತಾರೆ, ಕೇಳಿಸಿಕೊಳ್ಳಿ. ಆದರೆ ವೈದ್ಯರನ್ನು ಕೇಳದೆ ಊಟದಲ್ಲಿ ಏನನ್ನೂ ಬಿಡಬೇಡಿ.

ನಮ್ಮ ಮನೆಗಳಲ್ಲಿ ಹೆಚ್ಚು ಎಡವುವುದು ಕಬ್ಬಿಣಾಂಶದ ಮಾತ್ರೆಯ ವಿಷಯದಲ್ಲಿ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ಫ್ರಿಜ್ ಮೇಲೆ ಹಾಗೇ ಉಳಿದಿರುತ್ತದೆ, ಇಲ್ಲವೇ ಬೆಳಗಿನ ಕಾಫಿಯ ಜೊತೆ ಗಂಟಲಿಗಿಳಿಯುತ್ತದೆ. ಕಾಫಿ, ಟೀ, ಹಾಲು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಒಂದೆರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು ಗೊತ್ತು ಮಾಡಿಕೊಳ್ಳಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಹೊಟ್ಟೆ ತೊಳಸಿದರೆ ವೈದ್ಯರಿಗೆ ಹೇಳಿ; ನೀವಾಗಿ ನಿಲ್ಲಿಸಬೇಡಿ. ಕನಿಷ್ಠ 180 ದಿನ ನುಂಗಬೇಕಾದದ್ದು ಅದು.

ಗಂಡನಾದವರೇ, ನೀರಿನ ಕೊಡ ಎತ್ತುವುದು, ಬಚ್ಚಲು ತಿಕ್ಕಿ ಪಾಚಿ ಕಟ್ಟದಂತೆ ನೋಡಿಕೊಳ್ಳುವುದು ಇನ್ನು ನಿಮ್ಮ ಪಾಲಿನ ಕೆಲಸ. ತಪಾಸಣೆಗೂ ಜೊತೆಗೆ ಹೋಗಿ. ಹೆರಿಗೆಗೆ ತವರಿಗೆ ಕಳಿಸುವುದಿದ್ದರೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿರಲಿ. ಆ ಊರಿನ ವೈದ್ಯರು ಆಕೆಯನ್ನು ನೋಡುವುದು ಅದೇ ಮೊದಲು, ಹಿಂದಿನದೆಲ್ಲ ಅವರಿಗೆ ತಿಳಿಯುವುದು ಈ ಕಾಗದಗಳಿಂದ.

ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದಿಕೊಳ್ಳುವುದು, ರಕ್ತ ಕಾಣಿಸುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ‘ಬೆಳಗಾಗಲಿ ನೋಡೋಣ’ ಎನ್ನಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.