ಸೆರೆಮನೆಯಲ್ಲಿ ಹೊಲಿದ ಕೌದಿಗಳು

ಹೆಣ್ಣುಮಕ್ಕಳಿಗೆ ಹೊಲಿಗೆ ಕಸೂತಿಗಳನ್ನು ಕಲಿಸುವುದು ಮನೆಯ ಮಿತವ್ಯಯಕ್ಕಾಗಿ ಎಂದು ಅನೇಕರು ತಿಳಿದಿರುವರು. ಹರಿದುದನ್ನು ಹೊಲಿದುಕೊಳ್ಳಬಲ್ಲವಳು ಸಂಸಾರಕ್ಕೆ ನೆರವಾಗುವಳೆಂಬುದು ನಿಜವೇ. ಆದರೆ ನೊಂದ ಮನಸ್ಸನ್ನು ಸಂತೈಸುವ ಮತ್ತು ಅಗಲಿದವರನ್ನು ಹತ್ತಿರ ತರುವ ಶಕ್ತಿಯೂ ಈ ವಿದ್ಯೆಗೆ ಉಂಟು. ಇದಕ್ಕೆ ಇತಿಹಾಸದ ಒಂದು ನಿದರ್ಶನವನ್ನು ಇಲ್ಲಿ ವಿಚಾರಿಸೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ನೆಯ ಇಸವಿ ಫೆಬ್ರವರಿ ೧೫ರಂದು, ಸಿಂಗಪುರವು ಜಪಾನೀಯರ ವಶವಾಯಿತು. ಅಲ್ಲಿದ್ದ ಬ್ರಿಟಿಷರೇ ಮೊದಲಾದ ನಾಗರಿಕರನ್ನು ಚಾಂಗಿ ಎಂಬ ಸೆರೆಮನೆಯಲ್ಲಿ ಕೂಡಿಹಾಕಿದರು. ಗಂಡಸರನ್ನು ಒಂದು ಭಾಗದಲ್ಲಿಯೂ ಹೆಂಗಸರು ಮಕ್ಕಳನ್ನು ಇನ್ನೊಂದು ಭಾಗದಲ್ಲಿಯೂ ಇರಿಸಿದರು. ಸೆರೆಸಿಕ್ಕ ಸೈನಿಕರ ಶಿಬಿರವು ಬೇರೆಯಾಗಿತ್ತು. ಪತಿಯು ಬದುಕಿರುವನೋ ಇಲ್ಲವೋ ಎಂಬುದನ್ನು ತಿಳಿಯಲು ಅನೇಕ ಪತ್ನಿಯರಿಗೆ ದಾರಿಯೇ ಇರಲಿಲ್ಲ.

ಆಗ ಎತೆಲ್ ಮಲ್ವನಿ ಎಂಬ ಕೆನಡ ದೇಶದ ಮಹಿಳೆಯು ಒಂದು ಉಪಾಯವನ್ನು ಯೋಚಿಸಿದಳು. ಗಾಯಾಳುಗಳಿಗಾಗಿ ಕೌದಿಗಳನ್ನು ಹೊಲಿದುಕೊಡುವುದೆಂದು ನಿಶ್ಚಯವಾಯಿತು. ಪ್ರತಿಯೊಬ್ಬಳಿಗೂ ಬಟ್ಟೆಯ ಒಂದು ಚಿಕ್ಕ ಚೌಕವನ್ನು ಕೊಟ್ಟು, ತನ್ನದೆಂಬುದೇನನ್ನಾದರೂ ಅದರಲ್ಲಿ ಕಸೂತಿಮಾಡಿ ಹೆಸರನ್ನೂ ಹಾಕುವಂತೆ ಕೇಳಿಕೊಂಡರು. ಕೆಲವರು ಹೂಗಳನ್ನು ಮೂಡಿಸಿದರು. ಕೆಲವರು ತಾಯ್ನಾಡನ್ನು ನೆನೆದರು. ತಾವಿದ್ದ ಸೆರೆಕೋಣೆಯನ್ನೇ ಹೊಲಿದವರೂ ಉಂಟು. ಹೀಗೆ ೬೬ ಚೌಕಗಳ ಒಂದೊಂದು ಕೌದಿಯಂತೆ ಮೂರು ಸಿದ್ಧವಾದುವು. ಒಂದು ಬ್ರಿಟಿಷ್ ಗಾಯಾಳುಗಳಿಗೆ, ಒಂದು ಆಸ್ಟ್ರೇಲಿಯದವರಿಗೆ, ಇನ್ನೊಂದು ಸೆರೆಹಿಡಿದ ಜಪಾನೀಯರ ಗಾಯಾಳುಗಳಿಗೇ! ಕೌದಿಗಳ ಮೇಲಿನ ಹೆಸರುಗಳೇ ಸುದ್ದಿಯಾದುವು. ಕಾಗದವು ಹೋಗಲಾರದ ಕಡೆಗೆ ದಾರವು ಹೋಯಿತು.

ಅದೇ ಸೆರೆಯಲ್ಲಿ ಸುಮಾರು ೨೦ ಬಾಲಕಿಯರು ಗೈಡ್ ದಳವೊಂದನ್ನು ಕಟ್ಟಿಕೊಂಡಿದ್ದರು. ಅವರು ಹಳೆಯ ಬಟ್ಟೆಗಳ ಚೂರುಗಳನ್ನು ಆರು ಮೂಲೆಯಾಗಿ ಕತ್ತರಿಸಿ, ಹೂವಿನಂತೆ ಜೋಡಿಸಿ, ತಮ್ಮ ನಾಯಕಿಯ ಹುಟ್ಟುಹಬ್ಬಕ್ಕೆಂದು ಕೌದಿಯನ್ನು ಹೊಲಿದರು. ಅದು ಈಗ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.

ಇದರಿಂದ ನಾವು ಕಲಿಯಬೇಕಾದುದೇನು? ಮೊದಲನೆಯದಾಗಿ, ಕೈಗೆ ಕ್ರಮವಾದ ಕೆಲಸವಿದ್ದರೆ ಚಿಂತೆಗೆ ಎಡೆ ಕಡಿಮೆ. ನಮ್ಮ ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಹಾಕಬೇಕು. ಹಾಗೆ ಎಣಿಸುತ್ತ ಕುಳಿತವಳ ಮನಸ್ಸು ಅಷ್ಟು ಹೊತ್ತು ದುಃಖವನ್ನು ಮೆಲುಕುಹಾಕದು. ಎರಡನೆಯದಾಗಿ, ಇಡೀ ಕೌದಿಯನ್ನು ಕಂಡು ಬಳಲಿದವಳು ಹಿಂಜರಿಯುವಳು. ಒಂದು ಚೌಕವನ್ನಾದರೋ ಮುಗಿಸಬಲ್ಲಳು, ಮುಗಿಸಿದಾಗ ತನ್ನಲ್ಲಿ ಇನ್ನೂ ಶಕ್ತಿಯಿದೆಯೆಂದು ಅರಿಯುವಳು. ಮೂರನೆಯದಾಗಿ, ಅಲ್ಲಿ ಎಲ್ಲರೂ ಕೂಡಿ ಹೊಲಿದರೂ ಯಾರ ಹೆಸರೂ ಅಳಿಸಿಹೋಗಲಿಲ್ಲ.

ಆದರೆ ಒಂದನ್ನು ಮರೆಯಬಾರದು. ಸೂಜಿಕೆಲಸವು ಸೆರೆಮನೆಯ ಬಾಗಿಲನ್ನು ತೆರೆಯಲಿಲ್ಲ. ಉಳಿದವರಿಗೆ ಬಿಡುಗಡೆಯಾದುದು ೧೯೪೫ರಲ್ಲಿ. ಹಾಗೆಯೇ ಅದು ವೈದ್ಯನ ಸ್ಥಾನವನ್ನೂ ತುಂಬಲಾರದು. ಕಾಯುವ ಕಾಲವನ್ನು ಸಹಿಸಲು ಅದು ಬಲ ಕೊಡುವುದು.

ನಮ್ಮ ಅಜ್ಜಿಯರು ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದುದನ್ನು ವಾಚಕಿಯರಲ್ಲಿ ಹಲವರು ಕಂಡಿರಬಹುದು. ನೆರೆಮನೆಯಲ್ಲಿ ಸಾವುನೋವುಗಳಾದಾಗ ಹೇಳಲು ಮಾತು ಸಿಕ್ಕದಿದ್ದರೆ, ಕೆಲವು ದಿನಗಳು ಕಳೆದ ಬಳಿಕ, ಸೂಜಿದಾರಗಳನ್ನು ತೆಗೆದುಕೊಂಡು ಹೋಗಿರಿ. ಅಗಲಿದವರ ಸೀರೆಯನ್ನೋ ಧೋತರವನ್ನೋ ಕೌದಿಯಾಗಿ ಹೊಲಿಯೋಣವೇ ಎಂದು ಕೇಳಿರಿ. ಆಕೆಯು ಒಪ್ಪಿದರೆ ಒಂದು ಅಂಚನ್ನು ಆಕೆಗೆ ಕೊಟ್ಟು, ಇನ್ನೊಂದು ಅಂಚಿನಲ್ಲಿ ನೀವು ಕುಳಿತುಕೊಳ್ಳಿರಿ. ಮಾತನಾಡೆಂದು ಒತ್ತಾಯಿಸಬೇಡಿರಿ. ಹೊಲಿಗೆ ಸಾಗಲಿ; ಮಾತು ತಾನಾಗಿ ಬರುವುದು.